ಯಯಾತಿಯ ಸಾಲ

ಗಿರೀಶ ಕಾರ್ನಾಡರ ‘ಯಯಾತಿ’ ನಾಟಕ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಪ್ರಕಟವಾದದ್ದು 1961ರಲ್ಲಿ. ಅದನ್ನು ಬರೆದಾಗ ಕಾರ್ನಾಡರಿಗೆ 22 ವರ್ಷ. ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೊರಟು ನಿಂತ ಹೊತ್ತು. ಹೆತ್ತವರ ನಿರೀಕ್ಷೆಯ ಭಾರವೂ ತನ್ನ ಹಾದಿಯನ್ನು ತಾನೇ ಹಿಡಿಯಬೇಕೆಂಬ ತವಕವೂ ಮನಸ್ಸಿನಲ್ಲಿ ಗುದ್ದಾಡುತ್ತಿದ್ದಾಗ ಈ ಕಥೆ ತನ್ನನ್ನು ಹಿಡಿಯಿತೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಆದುದರಿಂದ ನಮ್ಮ ವಿಮರ್ಶೆ ಈ ನಾಟಕವನ್ನು ಬಹುಕಾಲ ತಂದೆ-ಮಗನ ನಾಟಕವೆಂದು ಓದಿತು. ಅಸ್ತಿತ್ವವಾದ, ಆಯ್ಕೆ, ಹೊಣೆಗಾರಿಕೆ ಮುಂತಾದ ಮಾತುಗಳು ಅದರ ಜೊತೆ ಅಂಟಿಕೊಂಡವು. ಬಿ.ಎ. ತರಗತಿಯಲ್ಲಿ ನಾವು ಪರೀಕ್ಷೆಗೆ ಬರೆದದ್ದೂ ಅದನ್ನೇ. ಅದು ತಪ್ಪಲ್ಲ. ಆದರೆ ನಾಟಕದ ಕಥಾವಸ್ತು ಏನೆಂದು ಒಂದೇ ವಾಕ್ಯದಲ್ಲಿ ಹೇಳಿ ಎಂದರೆ, ಮುದುಕನಾಗಲು ಒಪ್ಪದ ಒಬ್ಬ ಮನುಷ್ಯ ಯೌವನಕ್ಕಾಗಿ ಮಗನ ಮುಂದೆ ಕೈಯೊಡ್ಡಿದ ಕಥೆ ಎನ್ನಬೇಕಾಗುತ್ತದೆ. ಈ ಸರಳ ಸಂಗತಿಯನ್ನು ನಾವು ಸಂಕೇತವೆಂದು ಬದಿಗಿಟ್ಟು ಮುಂದೆ ಹೋದೆವು.

2023ರಲ್ಲಿ ಅಮೆರಿಕದ ಟೆಕ್ಸಾಸಿನಿಂದ ಬಂದ ಒಂದು ಸುದ್ದಿ ಆ ಸಂಕೇತವನ್ನು ಮತ್ತೆ ಸಂಗತಿಯಾಗಿಸಿತು. ಬ್ರಯಾನ್ ಜಾನ್ಸನ್ ಎಂಬ 45 ವರ್ಷದ ಶ್ರೀಮಂತ, ತನ್ನ 17 ವರ್ಷದ ಮಗನ ರಕ್ತದಿಂದ ಬೇರ್ಪಡಿಸಿದ ಪ್ಲಾಸ್ಮಾವನ್ನು ತನ್ನ ಮೈಗೆ ಹಾಕಿಸಿಕೊಂಡ. ತನ್ನ ಪ್ಲಾಸ್ಮಾವನ್ನು 70 ವರ್ಷದ ತಂದೆಗೆ ಕೊಟ್ಟ. ಮೂರು ತಲೆಮಾರು ಒಂದೇ ಚಿಕಿತ್ಸಾಲಯದಲ್ಲಿ. ಮುಪ್ಪನ್ನು ಹಿಂದಕ್ಕೆ ತಳ್ಳುವುದೇ ಈ ಮನುಷ್ಯನ ಈಗಿನ ಕಸುಬು. ಹಣ ಬಂದದ್ದು ಮಾತ್ರ ಹಣ ಪಾವತಿಯ ಒಂದು ಕಂಪೆನಿಯಿಂದ. ಅದನ್ನು 2013ರಲ್ಲಿ 80 ಕೋಟಿ ಡಾಲರಿಗೆ ಮಾರಿದ್ದ. ಕೌಂಟರಿನ ಹಿಂದೆ ಕುಳಿತು ಹೊಟ್ಟೆ ಹೊರೆಯುವ ನನಗೆ ಈ ವಿವರ ಸ್ವಲ್ಪ ಹೆಚ್ಚೇ ರುಚಿಸಿತು. ಎಳೆಯರ ಪ್ಲಾಸ್ಮಾದಿಂದ ಮುಪ್ಪು ನಿಲ್ಲುತ್ತದೆಂಬುದಕ್ಕೆ ಆಧಾರವಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರ ಫೆಬ್ರವರಿಯಲ್ಲೇ ಎಚ್ಚರಿಸಿತ್ತು. ಜಾನ್ಸನ್ನನೂ 2023ರ ಜುಲೈಯಲ್ಲಿ ತನಗೆ ಅದರಿಂದ ಯಾವ ಪ್ರಯೋಜನವೂ ಕಾಣಲಿಲ್ಲವೆಂದು ಹೇಳಿ ಆ ಪ್ರಯೋಗವನ್ನು ಬಿಟ್ಟ. ಯಯಾತಿಗೆ ಈ ಮಾತು ಹೇಳಲು ಸಾವಿರ ವರ್ಷ ಬೇಕಾಯಿತು. ಜಾನ್ಸನ್ನನಿಗೆ ಕೆಲವೇ ತಿಂಗಳು.

ಮೂಲ ಕಥೆಯನ್ನು ಒಮ್ಮೆ ನೋಡೋಣ. ಆದಿಪರ್ವದಲ್ಲಿ ಯಯಾತಿಯ ರಾಣಿ ಶುಕ್ರಾಚಾರ್ಯರ ಮಗಳು ದೇವಯಾನಿ. ದಾಸಿಯಾಗಿ ಬಂದ ರಾಜಪುತ್ರಿ ಶರ್ಮಿಷ್ಠೆಯೊಂದಿಗೆ ಅವನ ಗುಟ್ಟಿನ ಸಂಬಂಧ. ಗೊತ್ತಾದಾಗ ಶುಕ್ರರ ಶಾಪದಿಂದ ಆ ಕ್ಷಣದಲ್ಲೇ ಮುಪ್ಪು. ಕಾಲಿಗೆ ಬಿದ್ದು ಬೇಡಿದಾಗ ಒಂದು ರಿಯಾಯಿತಿ: ಯಾರಾದರೂ ಒಪ್ಪಿದರೆ ಮುಪ್ಪನ್ನು ಅವರಿಗೆ ವರ್ಗಾಯಿಸಬಹುದು. ಯಯಾತಿ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೇಳುತ್ತಾನೆ. ಅವನ ಮಾತನ್ನು ಗಮನಿಸಬೇಕು. ಅವನು ದಾನ ಕೇಳುವುದಿಲ್ಲ, ಸಾಲ ಕೇಳುತ್ತಾನೆ. ಸಾವಿರ ವರ್ಷದ ಅವಧಿ, ಅವಧಿ ಮುಗಿದ ಮೇಲೆ ಅಸಲು ವಾಪಸು, ಮುಪ್ಪನ್ನು ತಾನೇ ಹಿಂದಕ್ಕೆ ಪಡೆಯುವ ಕರಾರು. ಬಡ್ಡಿಯ ಮಾತಿಲ್ಲ. ನಿಜ ಹೇಳಬೇಕೆಂದರೆ ಬಡ್ಡಿ ಇದೆ, ರಾಜ್ಯದ ರೂಪದಲ್ಲಿ, ಕೊಟ್ಟವನಿಗೆ ಪಟ್ಟ.

ಹಿರಿಯ ಮಗ ಯದು ಒಲ್ಲೆನೆನ್ನುತ್ತಾನೆ. ಅವನು ಕೊಡುವ ಕಾರಣಗಳು ಮುಪ್ಪಿನ ಬಗ್ಗೆ ನಮ್ಮ ಸಾಹಿತ್ಯದಲ್ಲಿರುವ ಅತ್ಯಂತ ಪ್ರಾಮಾಣಿಕವಾದ ಮಾತುಗಳಲ್ಲಿ ಸೇರುತ್ತವೆ. ಗಡ್ಡ ಬಿಳಿಯಾಗುವುದು, ಚರ್ಮ ಸುಕ್ಕುಗಟ್ಟಿ ಸಡಿಲವಾಗುವುದು, ಉಣ್ಣಲು ಕುಡಿಯಲು ತೊಡಕು, ಕೆಲಸಕ್ಕೆ ಕೈ ಏಳದಿರುವುದು; ಅದಕ್ಕಿಂತ ಹೆಚ್ಚಾಗಿ ಎಳೆಯರೂ ಆಶ್ರಯದಲ್ಲಿರುವವರೂ ತಾತ್ಸಾರ ಮಾಡುವುದು. ಈ ಕೊನೆಯದನ್ನು ಯದು ಸೇರಿಸಿದ್ದು ಸಾಮಾನ್ಯ ಸಂಗತಿಯಲ್ಲ. ಮುಪ್ಪು ಮೈಯದ್ದು ಮಾತ್ರವಲ್ಲ, ಇತರರ ಕಣ್ಣಿನದ್ದೂ ಹೌದೆಂದು ಅವನಿಗೆ ತಿಳಿದಿತ್ತು. ಇಂದಿನ ಸೌಂದರ್ಯ ಚಿಕಿತ್ಸಾಲಯಗಳ ವ್ಯಾಪಾರವೆಲ್ಲ ನಿಂತಿರುವುದು ಈ ಒಂದು ತಿಳಿವಳಿಕೆಯ ಮೇಲೆ. ತುರ್ವಸು, ದ್ರುಹ್ಯು, ಅನು ಇವರೂ ನಿರಾಕರಿಸಿ ಒಂದೊಂದು ಶಾಪ ಪಡೆಯುತ್ತಾರೆ. ದ್ರುಹ್ಯುವಿಗೆ ಸಿಕ್ಕಿದ ಶಾಪ, ಕುದುರೆ ರಥಗಳು ಹೋಗಲಾರದ, ದೋಣಿ ತೆಪ್ಪಗಳಲ್ಲೇ ಓಡಾಡಬೇಕಾದ ನಾಡಿನಲ್ಲಿ ಬಾಳು ಎಂಬುದು. ಚಂದ್ರಗಿರಿಯ ಕಡವಿನಲ್ಲಿ ದೋಣಿಗೆ ಕಾದು ಬೆಳೆದ ನಮ್ಮ ಹಿಂದಿನ ತಲೆಮಾರಿಗೆ ಅದೊಂದು ಶಾಪವೆಂದು ಅನಿಸಿರಲಾರದು! ಕೊನೆಗೆ ಕಿರಿಯವನಾದ ಪುರು ಒಪ್ಪುತ್ತಾನೆ. ಸಾವಿರ ವರ್ಷ ಕಳೆದ ಮೇಲೆ, ತುಪ್ಪ ಸುರಿದಷ್ಟೂ ಬೆಂಕಿ ಏಳುವ ಹಾಗೆ ಆಸೆ ಅನುಭವದಿಂದ ತೀರುವುದಿಲ್ಲವೆಂದು ಯಯಾತಿಗೆ ಅರಿವಾಗುತ್ತದೆ. ಯೌವನ ವಾಪಸು, ಪುರುವಿಗೆ ಪಟ್ಟ, ಮುದುಕ ಕಾಡಿಗೆ. ವ್ಯಾಸರ ಲೆಕ್ಕದಲ್ಲಿ ಜಮೆ-ಖರ್ಚು ಸರಿಹೋಗುತ್ತದೆ.

ಇದೇ ಮಹಾಭಾರತದಲ್ಲಿ ಇನ್ನೊಂದು ಯೌವನದ ಕಥೆಯಿದೆ. ಮುದುಕ ಋಷಿ ಚ್ಯವನನಿಗೆ ಎಳೆಯ ರಾಜಕುಮಾರಿ ಸುಕನ್ಯೆಯನ್ನು ಕೊಟ್ಟ ಕಥೆ. ದೇವವೈದ್ಯರಾದ ಅಶ್ವಿನೀದೇವತೆಗಳು ಚ್ಯವನನನ್ನು ನೀರಿಗಿಳಿಸುತ್ತಾರೆ. ಮೇಲೆ ಬಂದಾಗ ಮೂವರೂ ಒಂದೇ ರೂಪದ ತರುಣರು. ಗಂಡನನ್ನು ಗುರುತಿಸಿ ಆರಿಸಬೇಕಾದವಳು ಸುಕನ್ಯೆ. ವೈದ್ಯರಿಗೆ ಫೀಸೂ ಉಂಟು: ಅದುವರೆಗೆ ಅವರಿಗಿಲ್ಲದ ಸೋಮಪಾನದ ಹಕ್ಕನ್ನು ಚ್ಯವನ ಇಂದ್ರನೊಡನೆ ಜಗಳ ಮಾಡಿ ಕೊಡಿಸುತ್ತಾನೆ. ಚರಕಸಂಹಿತೆಯ ಚಿಕಿತ್ಸಾಸ್ಥಾನ ತೊಡಗುವುದೇ ರಸಾಯನದಿಂದ. ಐನೂರು ನೆಲ್ಲಿಕಾಯಿ ಹಾಕಿ ಮಾಡುವ ಚ್ಯವನಪ್ರಾಶದ ವಿಧಾನ ಅಲ್ಲಿದೆ. ಗಾಳಿ-ಬೆಳಕು ಅಳೆದು ಕಟ್ಟಿದ ಕುಟಿಯೊಳಗೆ ಇದ್ದು ಮಾಡುವ ಚಿಕಿತ್ಸೆಯೂ ಅಲ್ಲಿದೆ. 1938ರಲ್ಲಿ ಪಂಡಿತ ಮದನಮೋಹನ ಮಾಳವೀಯರು ಅಂಥ ಒಂದು ಕಾಯಕಲ್ಪಕ್ಕೆ ಕುಳಿತದ್ದು ದೇಶದಲ್ಲೆಲ್ಲ ಸುದ್ದಿಯಾಗಿತ್ತು. ಅಂದರೆ ಯೌವನದ ಬಯಕೆ ನಮ್ಮವರಿಗೆ ಪಶ್ಚಿಮದಿಂದ ಬಂದ ರೋಗವಲ್ಲ. ‘ಕೊಳ್ಳುಬಾಕ ಸಂಸ್ಕೃತಿ’ ಎಂದು ಬೈದು ಕೈತೊಳೆದುಕೊಳ್ಳುವವರು ಚರಕನನ್ನು ಎಲ್ಲಿಡುತ್ತಾರೆ?

ಚ್ಯವನನಿಗೂ ಯಯಾತಿಗೂ ಒಂದು ವ್ಯತ್ಯಾಸವಿದೆ. ಚ್ಯವನನ ಯೌವನ ನೀರಿನಿಂದ, ನೆಲ್ಲಿಕಾಯಿಯಿಂದ ಬಂತು; ಇನ್ನೊಬ್ಬರ ಮೈಯಿಂದ ಕಿತ್ತದ್ದಲ್ಲ. ಯಯಾತಿಯದು ಒಂದು ಖಾತೆಯಿಂದ ತೆಗೆದು ಇನ್ನೊಂದಕ್ಕೆ ಜಮೆ ಮಾಡಿದ್ದು. ಕಾರ್ನಾಡರು ಕೈಯಿಟ್ಟದ್ದು ಇಲ್ಲಿ. ವ್ಯಾಸರ ಲೆಕ್ಕ ಸರಿಹೋದದ್ದು ಹೇಗೆ, ಯಾರ ಹೆಸರು ಅದರಲ್ಲಿ ಬಿಟ್ಟುಹೋಗಿದೆ ಎಂದು ಹುಡುಕಿ ಅವರು ಒಂದು ಹೆಸರನ್ನು ಬರೆದರು: ಚಿತ್ರಲೇಖೆ. ಪುರುವಿನ ಹೆಂಡತಿ. ಆ ದಿನವಷ್ಟೇ ಗಂಡನ ಮನೆಗೆ ಕಾಲಿಟ್ಟ ಮದುಮಗಳು.

ಚಿತ್ರಲೇಖೆ ಬರುವ ತನಕ ನಾಟಕ ಗಂಡಸರ ಚರ್ಚೆಯಾಗಿಯೇ ಸಾಗುತ್ತದೆ. ಶರ್ಮಿಷ್ಠೆ ನಡುವೆ ಚೂಪು ಮಾತಾಡುತ್ತಾಳೆ. ಶಾಪವನ್ನು ಒಪ್ಪಿಕೊಂಡು ಕಾಡಿಗೆ ಹೋಗೋಣವೆಂದು ಯಯಾತಿಗೆ ಹೇಳುವ ಬುದ್ಧಿ ಅವಳಿಗಿದೆ. ಆದರೆ ಅವನು ಕೇಳುವವನಲ್ಲ. ಪುರು ಒಪ್ಪಿದ್ದೂ ಪಿತೃಭಕ್ತಿಯಿಂದಷ್ಟೇ ಅಲ್ಲ. ಹಿರಿಯರ ಸಾಧನೆಯ ಎದುರು ತಾನು ಏನೂ ಅಲ್ಲವೆಂಬ ಕೀಳರಿಮೆ ಅವನನ್ನು ಕೊರೆಯುತ್ತಿದೆ. ಮುಪ್ಪು ಅವನಿಗೆ ಒಂದು ಸಾಧನೆಯ ಹಾಗೆ ಕಾಣುತ್ತದೆ, ಒಂದು ಅವಿತುಕೊಳ್ಳುವ ಜಾಗದ ಹಾಗೂ ಕಾಣುತ್ತದೆ. ಹೀಗೆ ತಂದೆಗೆ ಯೌವನ ಬೇಕು, ಮಗನಿಗೆ ತ್ಯಾಗ ಬೇಕು; ಒಪ್ಪಂದ ಮುಗಿಯಿತು. ಸಹಿ ಹಾಕಬೇಕಾದ ಮೂರನೆಯವಳನ್ನು ಯಾರೂ ಕೇಳಲಿಲ್ಲ. ಜಂಟಿ ಖಾತೆಯಿಂದ ಒಬ್ಬರೇ ಬಂದು ಹಣವೆಲ್ಲ ತೆಗೆದುಕೊಂಡು ಹೋದಂತೆ ಎಂದು ನಮ್ಮ ಕಡೆಯ ಮಾತಿನಲ್ಲಿ ಹೇಳಬಹುದು.

ಸುದ್ದಿ ತಿಳಿದಾಗ ಚಿತ್ರಲೇಖೆ ಮೊದಲು ಹೆಮ್ಮೆಪಡಲು ನೋಡುತ್ತಾಳೆ. ಅವಳನ್ನು ಹಾಗೆಯೇ ಬೆಳೆಸಿದ್ದಾರೆ. ಆದರೆ ಪುರು ಎದುರು ಬಂದು, ದೀಪದ ಬೆಳಕಿನಲ್ಲಿ ಆ ಮುಖವನ್ನು ಕಂಡಾಗ ಅವಳಿಂದ ತಡೆಯಲಾಗುವುದಿಲ್ಲ. ಮನಸ್ಸು ಒಪ್ಪಿದ್ದನ್ನು ಕಣ್ಣು ಒಪ್ಪುವುದಿಲ್ಲ. ಆಮೇಲೆ ಬರುವವನು ಯಯಾತಿ; ಮಗನಿಂದ ಪಡೆದ ಹೊಸ ಮೈಯಲ್ಲಿ ಬಂದು, ಕುಲದ ಘನತೆಯ ಬಗ್ಗೆ, ಸಣ್ಣ ಸುಖಗಳನ್ನು ಮೀರುವುದರ ಬಗ್ಗೆ ಸೊಸೆಗೆ ಬುದ್ಧಿ ಹೇಳುತ್ತಾನೆ. ಸಣ್ಣ ಸುಖವನ್ನೂ ಮೀರಲಾರದೆ ಮಗನ ಯೌವನ ಕಸಿದವನ ಬಾಯಲ್ಲಿ ಈ ಮಾತು! ಚಿತ್ರಲೇಖೆ ಅವನ ತರ್ಕವನ್ನೇ ತಿರುಗಿಸಿ ಅವನ ಮುಂದಿಡುತ್ತಾಳೆ. ನಾನು ವರಿಸಿದ್ದು ಪುರುವಿನ ಯೌವನವನ್ನು, ಈ ಕುಲಕ್ಕೆ ಮಗನನ್ನು ಹೆರುವುದಕ್ಕಾಗಿ. ಆ ಯೌವನ ಈಗ ನಿನ್ನಲ್ಲಿದೆ, ಹಾಗಾದರೆ ನೀನೇ ಅದನ್ನು ನನಗೆ ಕೊಡು ಎಂಬುದು ಅವಳ ವಾದದ ಸಾರ. ಯಯಾತಿ ಬೆಚ್ಚುತ್ತಾನೆ. ಅಷ್ಟು ಹೊತ್ತು ಧರ್ಮ ಹೇಳುತ್ತಿದ್ದವನಿಗೆ ಉತ್ತರವಿಲ್ಲ. ಅವಳು ವಿಷ ಕುಡಿಯುತ್ತಾಳೆ. ಆಗ ಮಾತ್ರ ಯಯಾತಿ ಮುಪ್ಪನ್ನು ಹಿಂದಕ್ಕೆ ಪಡೆದು ಶರ್ಮಿಷ್ಠೆಯೊಡನೆ ಕಾಡಿಗೆ ಹೋಗುತ್ತಾನೆ.

ಕನ್ನಡದ ಆಧುನಿಕ ನಾಟಕ ಸಾಹಿತ್ಯದಲ್ಲಿ ಇಷ್ಟು ನೇರವಾದ ದೃಶ್ಯಗಳು ಕಡಿಮೆ. ಇದೇ ಕಥೆಯನ್ನು ವಿ. ಸ. ಖಾಂಡೇಕರರು ಮರಾಠಿ ಕಾದಂಬರಿಯಾಗಿಸಿದ್ದು 1959ರಲ್ಲಿ. 1974ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಬಂತು. ಖಾಂಡೇಕರರಿಗೆ ಯಯಾತಿ ಒಂದು ಎಚ್ಚರಿಕೆ, ಭೋಗದ ಹಿಂದೆ ಓಡುವ ಕಾಲಕ್ಕೆ ಹಿಡಿದ ಕನ್ನಡಿ. ಓದಿಸಿಕೊಂಡು ಹೋಗುವ ಪುಸ್ತಕ. ಆದರೆ ಆಸೆ ಕೆಟ್ಟದ್ದು ಎಂದು ತಿಳಿಯಲು ನಮಗೆ ಕಾದಂಬರಿ ಬೇಕಾಗಿರಲಿಲ್ಲ. ಕಾರ್ನಾಡರ ನಾಟಕ ಆಸೆಯನ್ನು ಬೈಯುವುದಿಲ್ಲ. ಅದರ ವೆಚ್ಚ ಯಾರ ತಲೆಗೆ ಎಂದು ಕೇಳುತ್ತದೆ.

ಮೆಚ್ಚಿದ ಮೇಲೆ ಕೊರತೆಯನ್ನೂ ಹೇಳಬೇಕು. ಈ ನಾಟಕದಲ್ಲಿ ಮುಪ್ಪು ಎಲ್ಲಿದೆ? ಪುರು ಮುದುಕನಾಗುತ್ತಾನೆ, ಆದರೆ ಅವನ ಮಂಡಿ ನೋಯುವುದಿಲ್ಲ. ರಾತ್ರಿ ನಾಲ್ಕು ಸಲ ಏಳಬೇಕಾಗುವುದಿಲ್ಲ. ಹೇಳಿದ ಮಾತನ್ನು ಮರೆತು ಮತ್ತೆ ಹೇಳುವುದಿಲ್ಲ. ಮುಪ್ಪು ಅವನ ಮೇಲೆ ಹೊದಿಸಿದ ಕಂಬಳಿಯಂತಿದೆಯೇ ಹೊರತು ಒಳಗಿನಿಂದ ಬಂದದ್ದಲ್ಲ. ಇಪ್ಪತ್ತೆರಡರ ಲೇಖಕನಿಗೆ ಮುಪ್ಪು ಒಂದು ವಿಚಾರವಾಗಿ ಕಂಡದ್ದು ಸಹಜ. ನಾಟಕದ ದೃಷ್ಟಿಯಿಂದ ಇದರ ನಷ್ಟವೇನೆಂದರೆ, ದೀಪದ ಬೆಳಕಿನಲ್ಲಿ ಚಿತ್ರಲೇಖೆ ಕಂಡದ್ದು ಏನನ್ನು ಎಂಬುದು ನಮಗೆ ಸಿಗುವುದಿಲ್ಲ. ಅವಳು ಬೆದರಿದ್ದು ಮಾತ್ರ ಸಿಗುತ್ತದೆ. ಹಳೆಯ ಕವಿಗಳು ಇಲ್ಲಿ ಗಟ್ಟಿಗರು. ಜನ್ನನ ‘ಯಶೋಧರ ಚರಿತೆ’ಯಲ್ಲಿ (1209) ಅರಸನೊಬ್ಬ ನರೆಗೂದಲು ಕಂಡದ್ದೇ ಮಗನಿಗೆ ಪಟ್ಟ ಕಟ್ಟಿ ಹೊರಡುತ್ತಾನೆ. ಕಾಳಿದಾಸನ ದಶರಥನಿಗೆ ಮುಪ್ಪು ನರೆಯ ವೇಷದಲ್ಲಿ ಬಂದು ಕಿವಿಯ ಬಳಿ ಪಿಸುಗುಟ್ಟುತ್ತದೆ. ಬಸವಣ್ಣನವರ ಪ್ರಸಿದ್ಧ ವಚನವೊಂದು ನರೆ, ಸುಕ್ಕು, ಬಿದ್ದ ಹಲ್ಲು, ಬಾಗಿದ ಬೆನ್ನು ಎಂದು ಒಂದೊಂದನ್ನೇ ಬೆರಳಿಟ್ಟು ತೋರಿಸುತ್ತದೆ. ಇವರಿಗೆ ಮುಪ್ಪಿನ ವಿವರ ಗೊತ್ತು. ಒಂದು ಬಿಳಿಗೂದಲು ಕಂಡು ಕಾಡಿಗೆ ಹೋದ ಅರಸರ ಸಾಲಿನಲ್ಲಿ, ತಲೆಯೆಲ್ಲ ಬೆಳ್ಳಗಾದ ಮೇಲೂ ಮಗನ ಕೋಣೆಯ ಬಾಗಿಲು ತಟ್ಟಿದವನು ಯಯಾತಿ.

ಈಗಿನ ಯಯಾತಿಗಳು ಬಾಗಿಲು ತಟ್ಟುವುದು ಚಿಕಿತ್ಸಾಲಯದ್ದು. ಅಲ್ಲಿ ಹೆಚ್ಚು ಕೇಳಿಬರುವ ಹೆಸರು ಬೊಟೊಕ್ಸ್. ಕೆಟ್ಟ ಮಾಂಸದಲ್ಲಿ ಬೆಳೆಯುವ ಒಂದು ಸೂಕ್ಷ್ಮಜೀವಿಯ ವಿಷವದು. ಅದರ ಬಗ್ಗೆ 1820ರ ಆಸುಪಾಸಿನಲ್ಲಿ ಮೊದಲು ವಿವರವಾಗಿ ಬರೆದವನು ಯುಸ್ಟಿನಸ್ ಕೆರ್ನರ್ ಎಂಬ ಜರ್ಮನ್ ವೈದ್ಯ. ಅವನು ಕವಿಯೂ ಹೌದು ಎಂಬುದು ಸಾಹಿತ್ಯ ಪತ್ರಿಕೆಯಲ್ಲಿ ಹೇಳಬೇಕಾದ ಮಾತು. ಮೆಳ್ಳೆಗಣ್ಣಿನ ಮತ್ತು ರೆಪ್ಪೆ ಅದುರುವ ಕಾಯಿಲೆಗೆ ಇದನ್ನು ಸೂಜಿಮದ್ದಾಗಿ ಬಳಸಲು 1989ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಕೆನಡಾದ ಕಣ್ಣಿನ ವೈದ್ಯೆಯೊಬ್ಬರು ರೆಪ್ಪೆಗೆ ಚುಚ್ಚಿದಾಗ ಹುಬ್ಬುಗಳ ನಡುವಿನ ಗೆರೆಗಳು ಮಾಯವಾದದ್ದನ್ನು ಗಮನಿಸಿದರು. 2002ರಲ್ಲಿ ಸುಕ್ಕಿಗೂ ಅನುಮತಿ ಬಂತು. ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ಅದು ತಡೆಯುತ್ತದೆ. ಸ್ನಾಯು ಸುಮ್ಮನಾಗುತ್ತದೆ, ಚರ್ಮ ಮಡಚಿಕೊಳ್ಳುವುದಿಲ್ಲ. ಮೂರು-ನಾಲ್ಕು ತಿಂಗಳಲ್ಲಿ ಪರಿಣಾಮ ಇಳಿದು ಮತ್ತೆ ಚುಚ್ಚಿಸಿಕೊಳ್ಳಬೇಕು. ಯಯಾತಿಯದು ಸಾವಿರ ವರ್ಷದ ಒಂದೇ ಸಾಲ. ಇದು ಬಂಗಾರ ಅಡವಿಟ್ಟವರು ಮತ್ತೆ ಮತ್ತೆ ಬಂದು ನವೀಕರಿಸಿಕೊಂಡು ಹೋಗುವ ಬಾಬತ್ತು. ಬಂಗಾರ ಬಿಡಿಸಿಕೊಂಡು ಹೋದವರು ಉಂಟು. ಯೌವನ ಬಿಡಿಸಿಕೊಂಡವರನ್ನು ಕೇಳಿಲ್ಲ.

ಹುಬ್ಬು ಗಂಟಿಕ್ಕಲಾಗದ ಮುಖ ನಮ್ಮ ಕಡೆಯವರಿಗೆ ಸ್ವಲ್ಪ ವಿಚಿತ್ರವೇ. ನಾವು ಮುಖದ ಸ್ನಾಯುಗಳ ಮೇಲೆ ಎರಡು ಮಹಾಕಲೆಗಳನ್ನು ಕಟ್ಟಿದ ನಾಡಿನವರು. ಕಥಕಳಿಯ ನಟ ಹುಬ್ಬನ್ನು ಕುಣಿಸಲು ವರ್ಷಗಟ್ಟಲೆ ದುಡಿಯುತ್ತಾನೆ. ತೆಂಕುತಿಟ್ಟಿನ ಬಣ್ಣದ ವೇಷ ಅಕ್ಕಿಹಿಟ್ಟಿನ ಚುಟ್ಟಿ ಇಟ್ಟು ಮುಖವನ್ನು ಮನುಷ್ಯನದ್ದಲ್ಲವೆಂಬಂತೆ ಮಾಡಿದರೂ ಕಣ್ಣು ಹುಬ್ಬುಗಳನ್ನು ಬಿಟ್ಟುಕೊಡುವುದಿಲ್ಲ. ಚೌಕಿಯಲ್ಲಿ ವಯಸ್ಸಾದ ಸ್ತ್ರೀವೇಷಧಾರಿಯು ಕನ್ನಡಿಯ ಮುಂದೆ ಕುಳಿತು ಒಂದು ಗಂಟೆಯಲ್ಲಿ ಹದಿನಾರರ ಹುಡುಗಿಯಾಗುವುದು ನಮಗೆ ಹೊಸತಲ್ಲ; ಬೆಳಗಾದ ಮೇಲೆ ತೆಂಗಿನೆಣ್ಣೆ ಹಾಕಿ ಉಜ್ಜಿ ಆ ಯೌವನವನ್ನು ತೆಗೆದಿಡುತ್ತಾನೆ. ತಾಳಮದ್ದಳೆಯಲ್ಲಂತೂ ಬಣ್ಣವೂ ಇಲ್ಲ. ಹೆಗಲಿಗೆ ಶಾಲು ಹಾಕಿದ, ಹಲ್ಲು ಬಿದ್ದ ಹಿರಿಯರು ಅಭಿಮನ್ಯುವಾಗಿ ಅರ್ಥ ಹೇಳಿದರೆ ಸಭೆ ಒಪ್ಪುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರ (1918-2006) ವಾಲಿಯನ್ನು ಕೇಳಿದವರು ಈಗಲೂ ನಮ್ಮೂರುಗಳಲ್ಲಿದ್ದಾರೆ. ವಾಲಿಗೆಷ್ಟು ಪ್ರಾಯ, ಭಟ್ಟರಿಗೆಷ್ಟು ಪ್ರಾಯ ಎಂದು ಲೆಕ್ಕ ಹಾಕಿದವರು ಯಾರೂ ಇರಲಾರರು. ಎಳೆತನ ಮಾತಿನಲ್ಲಿತ್ತು.

ಇದನ್ನು ಹೇಳಿ ಹೊಸಕಾಲವನ್ನು ಹಳಿಯುವುದು ಸುಲಭ. ಮದುವೆಯ ಮಾತು ಬಂದಾಗ ಹುಡುಗಿಗೆ ಎಷ್ಟು ಬಣ್ಣ, ಎಷ್ಟು ಪ್ರಾಯ ಎಂದು ಕೇಳಿದವರು ಆ ತಾಳಮದ್ದಳೆಯ ಸಭೆಯಲ್ಲಿ ಕುಳಿತವರೇ ಅಲ್ಲವೇ? ಬಿಳುಪಿನ ಮುಲಾಮೊಂದು 1975ರಲ್ಲಿ ಮಾರುಕಟ್ಟೆಗೆ ಬಂದು, 2020ರಲ್ಲಿ ಹೆಸರಿನಿಂದ ‘ಬಿಳುಪು’ ಎಂಬ ಅರ್ಥದ ಪದವನ್ನು ಕಳಚಿತು. ಕೊಳ್ಳುವವರ ಮನಸ್ಸಿನಿಂದ ಅದು ಕಳಚಲಿಲ್ಲ. 1994ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ತುಳು ಮನೆಮಾತಿನ ಹುಡುಗಿಯೊಬ್ಬಳು ವಿಶ್ವಸುಂದರಿಯಾದಾಗ ಗಡಿಯ ಈಚೆಗೂ ಸಂಭ್ರಮವಿತ್ತು. ಎರಡು ವರ್ಷದ ಮೇಲೆ ಅದೇ ಸ್ಪರ್ಧೆ ಬೆಂಗಳೂರಿಗೆ ಬಂದಾಗ ಪ್ರತಿಭಟನೆಯೂ ಇತ್ತು.

ಚಿತ್ರಲೇಖೆಯ ಪ್ರಶ್ನೆಯನ್ನು ಇಲ್ಲಿ ಕೇಳಬೇಕು: ವೆಚ್ಚ ಯಾರ ಖಾತೆಗೆ? 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಚಿಕಿತ್ಸೆಗೆ ಹೋದ ಕನ್ನಡ ಕಿರುತೆರೆಯ ನಟಿಯೊಬ್ಬಳು ತೀರಿಕೊಂಡಳು. ಅವಳಿಗೆ 21 ವರ್ಷ. ಆ ವಯಸ್ಸಿನಲ್ಲಿ ಅವಳು ಯಾವ ಮುಪ್ಪಿನಿಂದ ಓಡುತ್ತಿದ್ದಳು? 2023ರಲ್ಲಿ ನಮ್ಮ ರಾಜ್ಯದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ ಮೂತ್ರಪಿಂಡದ ಒಂದು ಅಪರೂಪದ ಕಾಯಿಲೆ ಮೇಲಿಂದ ಮೇಲೆ ಬರುವುದನ್ನು ವೈದ್ಯರು ಗಮನಿಸಿದರು. ವಿಚಾರಿಸಿದಾಗ ರೋಗಿಗಳಲ್ಲಿ ಹೆಚ್ಚಿನವರು ಮುಖಕ್ಕೆ ಬಿಳುಪಿನ ಮುಲಾಮು ಹಚ್ಚುತ್ತಿದ್ದವರು. ಮುಲಾಮಿನಲ್ಲಿ ಪಾದರಸವಿತ್ತು. ತಯಾರಿಸಿದವರ ವಿಳಾಸವೂ ಸರಿಯಾಗಿಲ್ಲದ ಇಂಥ ಡಬ್ಬಿಗಳನ್ನು ಹಿಡಿಯಲು ಕೇರಳದ ಔಷಧ ನಿಯಂತ್ರಣ ಇಲಾಖೆ ‘ಆಪರೇಷನ್ ಸೌಂದರ್ಯ’ ಎಂಬ ತಪಾಸಣೆಯನ್ನೇ ನಡೆಸಿತು. ಪಾದರಸ ಚರ್ಮದ ಬಣ್ಣ ಕಟ್ಟುವುದನ್ನು ತಡೆಯುತ್ತದೆ. ಆದ್ದರಿಂದ ಮುಖ ಬೇಗ ಬೆಳ್ಳಗಾಗುತ್ತದೆ, ಹಚ್ಚಿದವಳಿಗೆ ಫಲ ಕಂಡು ವಿಶ್ವಾಸ ಹೆಚ್ಚುತ್ತದೆ. ಅದೇ ಪಾದರಸ ಚರ್ಮದ ಮೂಲಕ ಇಳಿದು ಮೂತ್ರಪಿಂಡವನ್ನು ಸೇರುತ್ತದೆ. ಹಚ್ಚುವುದನ್ನು ನಿಲ್ಲಿಸಿದ ಮೇಲೆ ಹಲವರು ಚೇತರಿಸಿಕೊಂಡರೆಂಬುದು ಸಮಾಧಾನ. ಮನೆಯಲ್ಲಿ ಗಲ್ಫಿನಿಂದ ಬಂದವರು ತಂದ, ಚೀಟಿಯಲ್ಲಿ ಏನಿದೆಯೆಂದು ಓದಲಾಗದ ಡಬ್ಬಿ ಇದ್ದರೆ ಅದನ್ನು ಎಸೆಯುವುದು ಒಳ್ಳೆಯದು. ವಿಮರ್ಶೆಯ ನಡುವೆ ಈ ಮಾತು ಬಂದದ್ದಕ್ಕೆ ಸಂಪಾದಕರು ಬೇಸರಿಸಬಾರದು.

ಗಲ್ಫಿನ ಮಾತು ಬಂದ ಮೇಲೆ ಒಂದು ವಿಷಯವನ್ನು ಹೇಳದೆ ಮುಂದೆ ಹೋಗಲಾರೆ. ಕಾರ್ನಾಡರ ನಾಟಕವನ್ನು ಕಾಸರಗೋಡಿನಲ್ಲಿ ಕುಳಿತು ಓದುವವರಿಗೆ ಪುರು ಪುರಾಣದವನಲ್ಲ. ಬ್ಯಾಂಕಿನ ಹಳೆಯ ಕಡತಗಳಲ್ಲಿ ಅವನ ಫೋಟೋ ಇದೆ. ಖಾತೆ ತೆರೆದ ಅರ್ಜಿಗೆ ಅಂಟಿಸಿದ, ಇಪ್ಪತ್ತು ಇಪ್ಪತ್ತೆರಡರ ಮುಖ. ಎಣ್ಣೆ ಹಾಕಿ ಬಾಚಿದ ಕೂದಲು, ಕ್ಯಾಮರಾ ಕಂಡು ಬಿಗಿದ ತುಟಿ. ಆ ಮೇಲೆ ಇಪ್ಪತ್ತೈದು ಮೂವತ್ತು ವರ್ಷ ತಿಂಗಳು ತಿಂಗಳೂ ಹಣ ಬರುತ್ತದೆ. ಅಪ್ಪನ ಸಾಲ ತೀರುತ್ತದೆ, ತಂಗಿಯರ ಮದುವೆ ಕಳೆಯುತ್ತದೆ, ಮನೆ ಎರಡು ಮಾಳಿಗೆಯಾಗುತ್ತದೆ. ವಿಳಾಸ, ಗುರುತು ನವೀಕರಿಸಲು ಹೊಸ ಫೋಟೋ ಬೇಕೆಂದು ನಾವು ಕೇಳಿದಾಗ ಅವನು ಎದುರು ಬಂದು ನಿಲ್ಲುತ್ತಾನೆ. ಎರಡು ಫೋಟೋಗಳ ನಡುವಿನ ಯೌವನ ಎಲ್ಲಿ ಹೋಯಿತೆಂದು ಪಾಸ್‌ಬುಕ್ ತೋರಿಸುತ್ತದೆ. ಯಾರೂ ಅವನನ್ನು ಶಪಿಸಲಿಲ್ಲ, ಯಾರೂ ಕಸಿಯಲಿಲ್ಲ. ಅವನ ಹೆಂಡತಿಗೆ ವರ್ಷಕ್ಕೆ ಅಥವಾ ಎರಡು ವರ್ಷಕ್ಕೆ ಒಂದು ತಿಂಗಳು ಗಂಡ ಸಿಗುತ್ತಿದ್ದ. ಅವಳು ವಿಷ ಕುಡಿಯಲಿಲ್ಲ. ಮಕ್ಕಳನ್ನು ಸಾಕಿದಳು, ಅತ್ತೆಮಾವನನ್ನು ನೋಡಿಕೊಂಡಳು, ಬ್ಯಾಂಕಿಗೂ ಅವಳೇ ಬರುತ್ತಿದ್ದಳು.

ಅಂಥ ಒಬ್ಬರ ಕೂದಲು ಗಾಢ ಕಪ್ಪಾಗಿತ್ತು. ಹಳೆಯ ಅರ್ಜಿಯ ಫೋಟೋವನ್ನು ನೋಡಿ ನಕ್ಕು ಅವರು ಹೇಳಿದ ಮಾತು ಇದು: “ಅಮ್ಮನಿಗೆ ಈಗ ಕಣ್ಣೂ ಮಂದ, ನೆನಪೂ ಮಂದ ಸಾರ್. ಅವರಿಗೆ ನೆನಪಿರುವುದು ಇವನು. ಅದಕ್ಕೇ ಅಲ್ಲಿಂದ ಹೊರಡುವ ಹಿಂದಿನ ದಿನ ಕಪ್ಪು ಹಾಕಿಕೊಂಡು ಬರುವುದು.” ಕಾರ್ನಾಡರ ನಾಟಕದಲ್ಲಿ ಈ ಮನುಷ್ಯನಿಗೆ ಜಾಗವಿಲ್ಲ. ಅಲ್ಲಿ ಯೌವನ ಬಯಸುವವನು ಯಯಾತಿ, ಕೊಡುವವನು ಪುರು. ಕೊಟ್ಟು ಬರಿದಾದ ಪುರುವಿಗೂ ಎಳೆಯವನಾಗಿ ಕಾಣುವ ಬಯಕೆ ಇರಬಹುದು, ಅದು ತನ್ನ ಸುಖಕ್ಕಾಗಿ ಅಲ್ಲದೆಯೂ ಇರಬಹುದು ಎಂಬುದು ಆ ನಾಟಕದ ಕಲ್ಪನೆಗೆ ಹೊರಗು. ಆದುದರಿಂದಲೇ ತಲೆಗೆ ಬಣ್ಣ ಹಾಕಿದವರನ್ನೆಲ್ಲ ಯಯಾತಿಯೆಂದು ಕರೆಯುವ ವಿಮರ್ಶೆಯನ್ನು ನಾನು ಒಪ್ಪುವುದಿಲ್ಲ. ಸೂಜಿ ಯಾರ ಮೈಗೆ ಎಂಬುದಕ್ಕಿಂತ, ಆ ಮುಖ ಯಾರಿಗಾಗಿ, ವೆಚ್ಚ ಯಾರದು ಎಂದು ನೋಡಬೇಕು.

ಮಲಯಾಳಂನಲ್ಲಿ ಇದಕ್ಕೆ ಎದುರಾಗಿ ಇಡಬಹುದಾದ ಕೃತಿ ಕುಮಾರನಾಶಾನರ ‘ಕರುಣ’ (1923). ನಮ್ಮ ಮಕ್ಕಳು ಶಾಲೆಯಲ್ಲಿ ಆಶಾನರನ್ನು ಓದುತ್ತಾರೆ. ಕನ್ನಡ ಮನೆಯವರಾದ ನಮಗೂ ಅವರು ಪರಕೀಯರಲ್ಲ. ಬಿದ್ದ ಹೂವೊಂದರ ಮೇಲೆ 1907ರಲ್ಲಿ ‘ವೀಣಪೂವ್’ ಬರೆದವರು ಅವರು. ಚೆಲುವು ಮಣ್ಣುಗೂಡುವುದು ಅವರ ಜೀವನದುದ್ದಕ್ಕೂ ಕಾಡಿದ ವಸ್ತು. ‘ಕರುಣ’ದಲ್ಲಿ ಮಥುರೆಯ ಗಣಿಕೆ ವಾಸವದತ್ತೆ ಭಿಕ್ಷು ಉಪಗುಪ್ತನನ್ನು ಮತ್ತೆ ಮತ್ತೆ ಕರೆಕಳುಹಿಸುತ್ತಾಳೆ. ಕಾಲ ಕೂಡಿ ಬಂದಿಲ್ಲವೆಂದು ಅವನು ಪ್ರತಿಸಲವೂ ತಿಳಿಸುತ್ತಾನೆ. ಮುಂದೆ ಪ್ರಿಯಕರನ ಕೊಲೆಗಾಗಿ ಅವಳಿಗೆ ಶಿಕ್ಷೆಯಾಗಿ, ಕೈಕಾಲು ಕಿವಿ ಮೂಗುಗಳನ್ನು ಕಳೆದುಕೊಂಡು ಸುಡುಗಾಡಿನಲ್ಲಿ ಬಿದ್ದಾಗ ಅವನು ಬರುತ್ತಾನೆ. ಯಾರೂ ನೋಡಲಾರದ ಮೈಯನ್ನು ಕಣ್ಣೆತ್ತಿ ನೋಡುತ್ತಾನೆ, ಮುಟ್ಟುತ್ತಾನೆ.

ಉಪಗುಪ್ತನನ್ನೂ ಚಿತ್ರಲೇಖೆಯನ್ನೂ ಜೊತೆಯಾಗಿಟ್ಟರೆ ಚಿತ್ರಲೇಖೆ ಸಣ್ಣವಳಾಗಿ ಕಾಣಬಹುದು. ಒಬ್ಬ ಸುಡುಗಾಡಿನಲ್ಲಿ ನೋಡಿದ. ಇನ್ನೊಬ್ಬಳು ದೀಪ ಹಿಡಿದು ನೋಡಲಾರದೆ ಹೋದಳು. ಹಾಗೆ ತೂಗುವುದು ನ್ಯಾಯವಲ್ಲ. ಉಪಗುಪ್ತ ನೋಡಿದ್ದು ಒಂದು ಗಳಿಗೆ; ವಾಸವದತ್ತೆ ಅವನ ಎದುರಿನಲ್ಲೇ ಶಾಂತಳಾಗಿ ಪ್ರಾಣ ಬಿಟ್ಟಳು, ಅವನು ಅತ್ತ ಹೋದ. ಚಿತ್ರಲೇಖೆ ಆ ಮುಖವನ್ನು ಮರುದಿನವೂ, ಅದರ ಮರುದಿನವೂ, ಅದೇ ಮನೆಯಲ್ಲಿ ನೋಡಬೇಕಾಗಿತ್ತು. ತಾನು ಆರಿಸಿದ್ದಲ್ಲದ ಮುಪ್ಪಿನೊಡನೆ ಬಾಳುವುದು ಭಿಕ್ಷುವಿನ ಕರುಣೆಗಿಂತ ಕಷ್ಟದ ಕೆಲಸ.

ನಮ್ಮ ಕಡೆಯ ಯಾವುದಾದರೂ ತಂಡ ಈ ನಾಟಕವನ್ನು ಆಡುವುದಾದರೆ ಒಂದು ಸೂಚನೆ. ದೀಪದ ದೃಶ್ಯದಲ್ಲಿ ಪುರುವಿಗೆ ಹತ್ತಿಯ ಗಡ್ಡ ಅಂಟಿಸಿ ಬೆನ್ನು ಬಗ್ಗಿಸಿ ನಡೆಸಿದರೆ ಸಭೆ ನಗುತ್ತದೆ. ಬಣ್ಣ ಹಚ್ಚದ, ನಿಜವಾಗಿ ಎಪ್ಪತ್ತು ದಾಟಿದ ಒಬ್ಬ ಹಳೆಯ ಅರ್ಥಧಾರಿಯನ್ನು ಆ ಪಾತ್ರಕ್ಕೆ ತನ್ನಿ. ಚಿತ್ರಲೇಖೆ ದೀಪವನ್ನು ಅವನ ಮುಖದ ಹತ್ತಿರ ಹಿಡಿದಾಗ ಬೇಗ ಕಿರುಚಬಾರದು. ಸಭೆಯಲ್ಲಿ ಕುಳಿತ ನಾವೂ ಆ ಮುಖವನ್ನು ನೋಡಿ ಮುಗಿಸುವಷ್ಟು ಹೊತ್ತು ಅವಳು ಸುಮ್ಮನೆ ನಿಂತಿರಬೇಕು.